ಕಾಯಂ ವಿಳಾಸದ ಕಾಲಮ್ಮಿನಾಗ ನಾ ಬರದದ್ದು

ಆ ಹುಡುಗೀರನ್ನ ಕಂಡ್ರ ನನಗ ಆಗ್ತಿದ್ದಿಲ್ಲ, ಅವರಿಗೂ ನನ್ನ ಕಂಡ್ರ ಆಗ್ತಿದ್ದಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮ್ಯಾಲ ಯಾರೂ ನನ್ನ ಒಳ್ಳೇಕಿ ಅಂತ ತಿಳ್ಕೊಳ್ಳೂದು ಬ್ಯಾಡ.

ನವಿ ಮುಂಬೈ ಕೋಪರಖೈರಣೆಯಾಗಿನ ಒಂದು ಕಾಲೇಜಿನ ಲೇಡೀಸ್ ಹಾಸ್ಟೆಲ್ ಅದು. ಡಿಗ್ರಿ ಹುಡುಗೀರು ಇರೂ ಒಂದೊಂದು ಮಹಡಿಗೆ ಒಬ್ಬೊಬ್ಬ ಪಿಎಚ್‌ಡಿ ಮಾಡಾಕಿನ್ನ 'ದೀದಿ' ಅಂತ ಇಡ್ತಿದ್ರು. ಮೂರನೇ ಮಹಡಿಗೆ ನಾ ದೀದಿ. ಅಡ್ಮಿಶನ್ ದಿನ ಫಾರ್ಮ್ ತುಂಬೂದು, ಸಂಜಿಕ ಹಾಜರಿ ತಗೊಳ್ಳೂದು, ಜ್ವರ ಬಂದ್ರ ಡಾಕ್ಟರ್ ಕಡೆ ಕರ್ಕೊಂಡ್ ಹೋಗೂದು, ಪ್ರೇಮ ಮುರಿದ್ರ ಕುಂತು ಅಳೂದು ಕೇಳೂದು. ಇಷ್ಟಕ್ಕ ಬದಲಿ ನನಗೊಬ್ಬಾಕಿಗೇ ಒಂದು ಖೋಲಿ.

ಆ ಖೋಲಿ ಬಿಟ್ರ ನನಗ ಬ್ಯಾರೆ ಗತಿ ಇರಲಿಲ್ಲ. ಡೊಂಬಿವಲಿ ಮನಿಯಾಗ ಅಣ್ಣನ ಲಗ್ನ ಆದ ಮ್ಯಾಲ ನನ್ನ ಪಲ್ಲಂಗ ಹಾಲ್‌ಗೆ ಬಂತು. ಹಾಲ್‌ನಾಗ ಟಿವಿ, ಟಿವಿ ಮುಂದ ಅಪ್ಪ, ಅಪ್ಪನ ಬಾಜೂಕ ವಾರಕ್ಕೊಮ್ಮೆ ನನ್ನ ನೋಡಾಕ ಬರೂ ಗಂಡಿನ ಕಡೆಯವರು. ಥೀಸಿಸ್ ಎಲ್ಲಿ ಕುಂತು ಬರೀಬೇಕ್ರಿ, ಸಂಡಾಸದಾಗ? ದೀದಿ ಕೆಲಸ ಹೋತು ಅಂದ್ರ ಖೋಲಿ ಹೋತು, ಖೋಲಿ ಹೋತು ಅಂದ್ರ ಓದೂ ಹೋತು.

ಆ ಹುಡುಗಿ ಬಂದದ್ದು ಜೂನ್‌ನಾಗ, ಅಪ್ಪನ ಜೋಡಿ. ಅವರು ಠಾಣೆ ನೌಪಾಡಾದ ಒಂದು ಹೋಟೆಲ್‌ನಾಗ ದ್ವಾಸಿ ಕಾವಲಿ ಮುಂದ ನಿಂದ್ರೂ ಮನುಷ್ಯಾ, ಮುಂಗೈ ತುಂಬ ಸುಟ್ಟ ಕಲಿ. ಇಂಗ್ಲಿಷ್ ಫಾರ್ಮ್ ನೋಡಿ ಗಾಬರಿ ಆಗಿದ್ರು. ಮಗಳ ಕಿವ್ಯಾಗ ಏನೋ ಕನ್ನಡದಾಗ ಅಂದ್ರು ನೋಡ್ರಿ, ನನಗ ಖುಷಿ ಆತು. ಪೆನ್ ಕಸಗೊಂಡು ನಾನೇ ತುಂಬಾಕ ಕುಂತೆ.

"ಯಾವೂರ್ರಿ ನಿಮ್ದು?"

"ಕಾಪು ಮೇಡಂ. ಉಡುಪಿ ಹತ್ರ."

ಮೂವತ್ತು ವರ್ಷ ಠಾಣೆಯಾಗ ಕಳದ ಮನುಷ್ಯಾ! ಆದ್ರ ನಮ್ಮಂದಿ ಎಲ್ಲಾರೂ ಹಂಗೇ. ನಾ ಹುಟ್ಟಿದ್ದು ಬೆಳದದ್ದು ಡೊಂಬಿವಲಿ, ಆದ್ರ ಇಲ್ಲೀತನಕ ನಮ್ಮಪ್ಪ ತುಂಬಿದ ಎಲ್ಲಾ ಫಾರ್ಮ್‌ನಾಗ ನನ್ನ ಕಾಯಂ ವಿಳಾಸ ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಬಸ್ ಎಲ್ಲಿ ನಿಂದರ್ತದ ಅನ್ನೂದೂ ನನಗ ಗೊತ್ತಿಲ್ಲ. ಅದೇ ರೂಢಿಯಾಗ 'ಕಾಯಂ ವಿಳಾಸ' ಅನ್ನೂ ಕಾಲಮ್ಮಿನಾಗ ಕಾಪು ಅಂತ ಬರದೆ.

ಹುಡುಗಿ ಬಗ್ಗಿ ನೋಡಿದ್ಲು. "ದೀದಿ, ಹಮ್ ತೋ ನೌಪಾಡಾ ಮೇ ರಹತೇ ಹೈ. ವಹೀ ಲಿಖೋ ನಾ." ನಾವಿರೂದು ನೌಪಾಡಾದಾಗ, ಅದನ್ನೇ ಬರೀರಿ ಅಂತ.

ನಾ ಕನ್ನಡದಾಗ ಮಾತಾಡಾಕತ್ತೀನಿ, ಈಕಿ ಹಿಂದ್ಯಾಗ ನನಗ ಕಲಿಸಾಕ ಬಂದ್ಲು! ನೆತ್ತಿಗೇರ್ತು ಸಿಟ್ಟು. "ಸುಮ್ನಿರವಾ, ಕಾಯಂ ಅಂದ್ರ ಊರು. ಅಷ್ಟೂ ಗೊತ್ತಿಲ್ಲೇನು ನನಗ?" ಅಂದೆ. ಅವರಪ್ಪ ಆಕಿ ಮೊಣಕೈ ಹಿಡದು ಹಿಂದ ಎಳದ್ರು.

ಹಾಸ್ಟೆಲಿಗೆ ಒಂದು ನಿಯಮ ಇತ್ತು. ಠಾಣೆ, ನವಿ ಮುಂಬೈಯೊಳಗ ಮನಿ ಇದ್ದವರು ಮನಿಯಾಗ ಯಾಕ ಓದಾಕ ಆಗೂದಿಲ್ಲ ಅಂತ ಒಂದು ಪತ್ರ ಕೊಡಬೇಕು. ಕೊಟ್ರ ಸೀಟು ಸಿಗತಿತ್ತು. ಆಕಿಗಂತೂ ಸಿಕ್ಕೇ ಸಿಗತಿತ್ತು. ಅವರ ಮನಿ ಅಂದ್ರ ಒಂದೇ ಖೋಲಿ, ಆರು ಮಂದಿ, ನಡುವ ಹಾಸಿಗಿ ಹಿಡದ ಅಜ್ಜಿ. ಪತ್ರ ಕೇಳೂ ಕೆಲಸ ನಂದು. ಕಾಪು ಅಂತ ಬರದ ಮ್ಯಾಲ ಪತ್ರ ಯಾಕ ಕೇಳ್ಲಿ?

ಮುಂದ ನಾಕು ತಿಂಗಳು ಆಕಿ ನನ್ನ ಜೀವಾ ತಿಂದ್ಲು. ಹಾಜರಿ ಹೊತ್ತಿನಾಗ ಬಾಗಿಲ ಹಿಂದ ನಿಂತು 'ವಾರ್ಡನ್ ಕೀ ಚಮಚಿ' ಅನ್ನಾಕಿ. ಕಡೀಕ ಆಕಿ ಖೋಲ್ಯಾಗ ಕರೆಂಟಿನ ಕೆಟಲ್ ಸಿಕ್ತು. ಹಾಸ್ಟೆಲ್‌ನಾಗ ಕೆಟಲ್ ಇಡೂ ಹಂಗಿಲ್ಲ. ನಾ ಎತ್ಕೊಂಡ್ರ ಇಡೀ ಮಹಡಿ ಮುಂದ ಕೇಳಿದ್ಲು, "ಟೀಚರ್ ಭೀ ನಹೀ, ಸ್ಟೂಡೆಂಟ್ ಭೀ ನಹೀ. ಆಪ್ ಹೋ ಕೌನ್?"

ಎಲ್ಲಾರೂ ನಕ್ಕರು. ನಾ ಕೆಟಲ್ ತಗೊಂಡು ನೇರ ವಾರ್ಡನ್ ಆಫೀಸಿಗೆ ಹೋದೆ. ಬುದ್ಧಿ ಹೇಳಿ ಬಿಡಬಹುದಿತ್ತು, ದೀದಿ ಅಂದ್ರ ಅದಕ್ಕೇ ಇರಾಕಿ. ಬಿಡಲಿಲ್ಲ. ಆಕಿ ಅಳೂದು ನೋಡಬೇಕಾಗಿತ್ತು ನನಗ.

ವಾರ್ಡನ್ ಮರಾಠಿ ಬಾಯಿ, ಭಾಳ ಖಡಕ್. ಹುಡುಗಿನ್ನ ಎದುರಿಗೆ ನಿಂದ್ರಿಸಿ ಅವರಪ್ಪಗ ಫೋನ್ ಹಚ್ಚಿದ್ರು. "ಅರ್ಧಾ ತಾಸಿನ್ಯಾಗ ಬರ್ತೀನಿ" ಅಂದ್ರಂತ ಅವರು. ವಾರ್ಡನ್ ಫಾರ್ಮ್ ತಿರುವಿ ನೋಡಿದ್ರು. "ಕಾಪುದಿಂದ ಅರ್ಧಾ ತಾಸು? ಇವರ ಹತ್ರ ವಿಮಾನ ಐತೇನು?"

ನಾ ಹಗೂರಕ ಕೆಟಲ್ ಮೇಜಿನ ಮ್ಯಾಲ ಇಟ್ಟೆ.

ಅವರಪ್ಪ ಬಂದ್ರು, ಅಂಗಿ ಮ್ಯಾಲ ಹಿಟ್ಟಿನ ಕಲಿ ಹಂಗೇ ಇತ್ತು. ಕೆಟಲ್ ಮಾತು ಯಾರಿಗೂ ನೆನಪಿರಲಿಲ್ಲ. ಸುಳ್ಳು ಮಾಹಿತಿ ಕೊಟ್ಟು ಸೀಟು ಹೊಡದೀರಿ ಅಂತ ವಾರ್ಡನ್ ಒದರಾಕತ್ರು. ಹುಡುಗಿ ನನ್ನ ಕಡೆ ಬೊಟ್ಟು ಮಾಡಿದ್ಲು. "ದೀದಿ ನೇ ಲಿಖಾ ಥಾ. ಮೈನೇ ಬೋಲಾ ಥಾ, ನೌಪಾಡಾ ಲಿಖೋ."

"ಖರೇನು?" ವಾರ್ಡನ್ ನನ್ನ ಕೇಳಿದ್ರು. ಫಾರ್ಮಿನ ಬುಡಕ ನನ್ನದೇ ಸಹಿ.

ಹೌದು ಅಂದಿದ್ರ ಖೋಲಿ ಹೋಗತಿತ್ತು. ಡೊಂಬಿವಲಿ ಮನಿ ಹಾಲ್, ಟಿವಿ, ನೋಡಾಕ ಬಂದವರ ಚಹಾದ ಟ್ರೇ, ಎಲ್ಲಾ ಕಣ್ಣಮುಂದ ಬಂತು. ಇನ್ನೊಂದೂ ಇತ್ತು, ಅದನ್ನೂ ಹೇಳ್ತೀನಿ: ಆಕಿ ಮ್ಯಾಲಿನ ಸಿಟ್ಟು ಇನ್ನೂ ಇಳದಿರಲಿಲ್ಲ.

"ಇಲ್ಲ ಮ್ಯಾಡಂ," ಅಂದೆ. "ಅವರ ತಂದಿ ಹೇಳಿದ್ದನ್ನ ನಾ ಬರದೀನಿ. ನೌಪಾಡಾ ಅಂತ ಯಾರೂ ಹೇಳಲಿಲ್ಲ."

ಮಂಗ್ಯಾ ತಾ ಮೊಸರು ತಿಂದು ಆಡಿನ ಬಾಯಿಗೆ ಒರಸಿತಂತ. ಹುಡುಗಿ ನನ್ನ ಮಾರಿ ನೋಡಿದ್ಲು. ಅಳಲಿಲ್ಲ. ಅವರಪ್ಪ ಮಾತ್ರ ತಲಿ ಕೆಳಗ ಹಾಕಿ ಏನೋ ನೆನಪು ಮಾಡ್ಕೊಳ್ಳಾಕತ್ತಿದ್ರು.

ಅವತ್ತೇ ಸಂಜಿಕ ಆಕಿ ಸಾಮಾನು ಕಟ್ಟಿದ್ಲು. ಡಿಗ್ರಿ ಮುಗಿಯೂತನಕ ಹಾಸ್ಟೆಲ್ ಇಲ್ಲ ಅಂತ ಕಾಗದಾ ಕೊಟ್ರು. ನನಗ ಮುಂದಿನ ವರ್ಷಕ್ಕೂ ಖೋಲಿ ಪಕ್ಕಾ ಆತು.

ವಾರದ ಮ್ಯಾಲ ಅವರಪ್ಪನ ಫೋನ್ ಬಂತು. ಎತ್ತಬಾರದು ಅನ್ಕೊಂಡೆ, ಎತ್ತಿದೆ.

"ಮೇಡಂ, ನಮ್ಮಿಂದ ನಿಮ್ಗೆ ಉಪದ್ರ ಆಯ್ತು," ಅಂದ್ರು. "ಊರು ಕೇಳಿದ್ದಕ್ಕೆ ಕಾಪು ಅಂತ ನಾನೇ ಹೇಳಿದ್ದು, ನೆನಪುಂಟು ನಂಗೆ. ಮಗಳು ಅದನ್ನು ನಿಮ್ಮ ತಲೆಗೆ ಕಟ್ಲಿಕ್ಕೆ ನೋಡಿದ್ಳು. ಸಹಾಯ ಮಾಡಿದವ್ರ ಮೇಲೆ ಸುಳ್ಳು ಹೇಳ್ತೀಯಾ ಅಂತ ಎರಡು ಬಾರಿಸಿದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈ ಎತ್ತಿದವನಲ್ಲ ನಾನು. ನೀವು ಮನಸ್ಸಲ್ಲಿ ಇಟ್ಕೊಳ್ಬೇಡಿ ಆಯ್ತಾ."

"ಇರಲಿ ಬಿಡ್ರಿ," ಅಂದೆ ನಾನು. "ಸಣ್ಣ ಹುಡುಗಿ. ನಾ ಏನೂ ಮನಸಿಗೆ ಹಚ್ಕೊಂಡಿಲ್ಲ."