ಜೆರಾಕ್ಸ್ ಅಕ್ಕ ಕೇಳಿದ ಊರಿನ ಹೆಸರು

ಮೊನ್ನೆ ಚಿತ್ರದುರ್ಗದ ನಮ್ಮ ಆಫೀಸಿಗೆ ಹೊಸ ಜೆರಾಕ್ಸ್ ಮೆಷೀನ್ ಬಂತು. ಮೊದಲ ಹಾಳೆ ಹೊರಬಿದ್ದಾಗ ಬಿಸಿ ಕಾಗದದ ಆ ವಾಸನೆ ಮೂಗಿಗೆ ಬಡಿಯಿತು. ಹೊಸದುರ್ಗದ ಬಸ್ ಸ್ಟ್ಯಾಂಡ್ ಎದುರಿನ ಪುಟ್ಟ ಅಂಗಡಿ, ಅಲ್ಲಿ ಕೂರುತ್ತಿದ್ದ ಅಕ್ಕ ನೆನಪಾದರು. ನಾವೆಲ್ಲರೂ ಅವರನ್ನು ಜೆರಾಕ್ಸ್ ಅಕ್ಕ ಎಂದೇ ಕರೆಯುತ್ತಿದ್ದೆವು...

ಅಕ್ಕನದು ಒಂದೇ ಹಟ. ಆಧಾರ್ ಪ್ರತಿ ತೆಗೆದರೆ ಅದರ ಮೇಲೆ ಅಡ್ಡಲಾಗಿ ಯಾವ ಆಫೀಸಿಗೆ, ಯಾವ ಊರಿಗೆ, ಯಾತಕ್ಕೆ ಎಂದು ಬರೆಸಿ, ಸಹಿ ಹಾಕಿಸಿಯೇ ಕೊಡುತ್ತಿದ್ದರು. ಬೇರೆ ಯಾರೂ ಅದನ್ನು ಇನ್ಯಾವುದಕ್ಕೋ ಬಳಸಬಾರದು ಎಂಬ ಎಚ್ಚರ. ಬಸ್ಸಿಗೆ ಹೊತ್ತಾಯಿತು ಎಂದು ಗೊಣಗಿದರೆ, "ಬಸ್ಸು ಇನ್ನೊಂದು ಬರ್ತೈತೆ, ಬರೀರಿ" ಎನ್ನುತ್ತಿದ್ದರು. ನನಗಂತೂ ಅವರೆಂದರೆ ತಲೆನೋವು.

ಹತ್ತನೇ ತರಗತಿ ಮುಗಿಸಿ ನಮ್ಮೂರು ಮತ್ತೋಡಿನ ಮನೆಯಲ್ಲಿ ಕೂತಿದ್ದೆ. ಸಂಬಂಧಿಕರ ಮದುವೆಯಲ್ಲಿ ಪರಿಚಯವಾದ ಹೆಂಗಸೊಬ್ಬಳು ಹೊರರಾಜ್ಯದಲ್ಲಿ ಬಟ್ಟೆ ಅಂಗಡಿ ಕೆಲಸವಿದೆ, ಊಟ, ರೂಮು ಎಲ್ಲ ಫ್ರೀ ಎಂದಳು. ಅಪ್ಪ, ಅವ್ವ ನಂಬಿದರು. ನಾನು ಕುಣಿದಾಡಿದೆ. ಜೊತೆಗೆ ಬರುತ್ತೇನೆ ಎಂದ ಅಪ್ಪನನ್ನು ಅವಳು ನಯವಾಗಿ ತಡೆದಳು. ಗೆಳತಿಯರಿಗೆ ಹೇಳಬೇಡ, ಹೊಟ್ಟೆಕಿಚ್ಚು ಪಡುತ್ತಾರೆ ಎಂದು ನನ್ನ ಕಿವಿಯಲ್ಲಿ ಊದಿದಳು. ಹೊರಟ ದಿನ ದಾರಿಯಲ್ಲೇ ನನ್ನ ಫೋನು, ಮಾರ್ಕ್ಸ್ ಕಾರ್ಡು, ಆಧಾರ್ ಎಲ್ಲ ಅವಳ ಬ್ಯಾಗು ಸೇರಿದವು. ಕಳೆದುಕೊಂಡೇನು ಎಂಬ ಕಾಳಜಿ ಅಂದುಕೊಂಡೆ. ಎಂಥ ಪೆದ್ದಿ ನಾನು!

ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗ ನನ್ನ ಕಾಗದಗಳ ಪ್ರತಿ ತೆಗೆಸಲು ಅವಳು ಅಕ್ಕನ ಅಂಗಡಿಗೇ ಕರೆತಂದಳು. ಅಕ್ಕ ಎಂದಿನಂತೆ ನನ್ನ ಮುಂದೆ ಪೆನ್ನು ಚಾಚಿದರು.

"ಯಾವ ಕಂಪನಿ, ಯಾವೂರು, ಬರಿಯವ್ವ."

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಸಂಭ್ರಮಪಟ್ಟವಳು ಹೋಗುವ ಊರಿನ ಹೆಸರನ್ನೇ ಕೇಳಿರಲಿಲ್ಲ...

"ಅದೆಲ್ಲ ಬ್ಯಾಡ, ಖಾಲಿ ಬಿಡ್ರಿ" ಎಂದಳು ಹೆಂಗಸು.

"ನಾನು ಕೇಳಿದ್ದು ಹುಡುಗೀನ" ಎಂದ ಅಕ್ಕ ನನ್ನ ಕಡೆ ತಿರುಗಿ, "ನಿಮ್ಮಪ್ಪಂಗೆ ಫೋನ್ ಮಾಡವ್ವ, ಕೇಳಾಣ" ಎಂದರು.

"ಫೋನು ಇವರ ಬ್ಯಾಗಲ್ಲೈತೆ" ಎಂದೆ.

ಅಕ್ಕನ ಮುಖ ಬಿಗಿಯಿತು. ನನ್ನ ಕಾಗದಗಳನ್ನು ಡ್ರಾಯರಿಗೆ ಹಾಕಿ ಬೀಗ ಜಡಿದು, "ಇವರಪ್ಪನೇ ಬಂದು ತಗಂಡು ಹೋಗ್ಲಿ" ಎಂದರು. ನನ್ನಿಂದ ಅಪ್ಪನ ನಂಬರು ಕೇಳಿ ಅವರಿಗೂ ಪೊಲೀಸರಿಗೂ ಫೋನ್ ಹಚ್ಚಿದರು. ಟೀ ಕುಡಿದು ಬರುತ್ತೇನೆಂದ ಹೆಂಗಸು ನನ್ನ ಫೋನಿನ ಸಮೇತ ಮಾಯವಾದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಿಂಗ್ಯಾಕೆ ಹೊಟ್ಟೆಕಿಚ್ಚು? ನನ್ನ ಬದುಕು ಹಾಳು ಮಾಡಿದೆ!" ಎಂದು ಬಸ್ ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ಅಕ್ಕ ಕುರ್ಚಿ ಎಳೆದು, "ಕುಂತ್ಕ, ನಿಮ್ಮಪ್ಪ ಬರೋಗಂಟ" ಎಂದರು ಅಷ್ಟೆ. ಅಪ್ಪನ ಜೊತೆ ಹೊರಡುವಾಗಲೂ ನಾನು ಅಕ್ಕನ ಮುಖ ನೋಡಲಿಲ್ಲ.

ನಾಲ್ಕು ದಿನದ ಮೇಲೆ ಆ ಹೆಂಗಸು ಹಿರಿಯೂರಿನಲ್ಲಿ ಸಿಕ್ಕಿಬಿದ್ದಳು. ಜೊತೆಗಿದ್ದ ಇಬ್ಬರು ಹುಡುಗಿಯರು ಮನೆ ಸೇರಿದರು. ಬಟ್ಟೆ ಅಂಗಡಿ ಎಂಬುದೇ ಇರಲಿಲ್ಲ, ಇದ್ದದ್ದು ಹುಡುಗಿಯರನ್ನು ಮಾರುವ ದಂಧೆ. ಸುದ್ದಿ ಕೇಳಿ ಅವ್ವ ನನ್ನನ್ನು ತಬ್ಬಿಕೊಂಡು ಅತ್ತಳು. ಬದುಕಿದೆ ಎನ್ನಿಸಿತು. ಆದರೂ ಅಕ್ಕನ ಮುಂದೆ ಹೋಗಿ ನಿಲ್ಲಲು ನಾಚಿಕೆ. ಕಾಲೇಜು ಸೇರಿದ ಮೇಲೂ ದಿನಾ ರಸ್ತೆಯ ಆಚೆ ಬದಿಯಲ್ಲೇ ನಡೆದೆ. ಇವತ್ತು ಮಾತಾಡಿಸೋಣ, ನಾಳೆ ಮಾತಾಡಿಸೋಣ ಎನ್ನುತ್ತಲೇ ವರ್ಷಗಳು ಉರುಳಿದವು...

ಹೋದ ಭಾನುವಾರ ಕೊನೆಗೂ ಹೋದೆ. ಅಂಗಡಿಯಲ್ಲಿ ಅಕ್ಕನ ತಂಗಿ ಕೂತಿದ್ದರು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ. ತೊದಲುತ್ತಲೇ ಎಲ್ಲ ಹೇಳಿ, ಅವತ್ತು ಬೈದವಳು ನಾನೇ ಎಂದೆ.

"ಓ, ಅದು ನೀನಾ! ಅವತ್ತು ಮನೆಗೆ ಬಂದು ನಗ್ತಾ ಹೇಳಿದ್ಲು. 'ಒಂದು ಹುಡುಗಿ ವಾಚಾಮಗೋಚರ ಬೈದ್ಲು ಕಣೇ. ಬೈಲಿ ಬಿಡು, ಅವರಪ್ಪನ ಜತೆ ಮನೆಗೆ ಹೋದ್ಲಲ್ಲ' ಅಂತ. ಅವತ್ತು ಒಂದು ಮುದ್ದೆ ಹೆಚ್ಚಿಗೇನೇ ಉಂಡ್ಲು."

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಅಕ್ಕನಿಗೆ ನನ್ನ ಮೇಲೆ ಬೇಸರವೇ ಇರಲಿಲ್ಲ. ಇಷ್ಟು ವರ್ಷ ರಸ್ತೆ ದಾಟದೆ ಉಳಿದವಳು ನಾನೇ.