ಎಲ್ಲಾ ಬಂತು ಎಂದು ಒತ್ತಿದ್ದು

ಶಿರಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇದ್ದದ್ದು ಬೆಟಗೇರಿಯಲ್ಲಿ, ಒಂದು ಬಾಡಿಗೆ ಕೋಣೆಯಲ್ಲಿ. ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ನಮ್ಮ ಶಾಲೆಯ ರಬ್ಬರ್ ಸ್ಟ್ಯಾಂಪಿನಲ್ಲಿ ಇನ್ನೂ ಧಾರವಾಡ ಜಿಲ್ಲೆ ಎಂದೇ ಇತ್ತು. ಕೋಣೆಯ ಗೋಡೆಯಾಚೆ ಮನೆ ಮಾಲೀಕರ ನಾಲ್ಕು ಪವರ್‌ಲೂಮ್‌ಗಳು ಕರೆಂಟ್ ಇದ್ದಷ್ಟು ಹೊತ್ತೂ ಓಡುತ್ತಿದ್ದವು. ಶಾಲೆಯಿಂದ ಬಂದವಳೇ ಆ ಸದ್ದಿನ ನಡುವೆ ಹೆಡ್‌ಫೋನ್ ಏರಿಸಿಕೊಂಡು ರೇಡಿಯೊ ಮುಂದೆ ಕೂಡುತ್ತಿದ್ದೆ.

ಈ ಹುಚ್ಚು ಹಿಡಿಸಿದವರು ಲಕ್ಷ್ಮೇಶ್ವರದಲ್ಲಿ ನಮ್ಮ ತಾಯಿಯ ಮನೆಯ ಎದುರಿನ ಗಾದಿ ಅಂಗಡಿಯ ಚಾಚಾ. ಹತ್ತಿ ಹಿಂಜಿ ಗಾದಿ ಹೊಲಿಯುವ ಅವರು ಪರೀಕ್ಷೆ ಕಟ್ಟಿ ಹವ್ಯಾಸಿ ರೇಡಿಯೊ ಲೈಸೆನ್ಸ್ ತೆಗೆದುಕೊಂಡಿದ್ದರು. ಅವರ ಬೆನ್ನು ಹತ್ತಿ ನಾನೂ ಮೋರ್ಸ್ ಕಲಿತು ಪಾಸಾದೆ. ದಿನಾ ಸಂಜೆ ಕಾಲು ಗಂಟೆ ನಮ್ಮಿಬ್ಬರ ಮಾತು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಕ್ಕಿಳಿಸಿ, ಗಿಡ್ಡ ಸದ್ದು ಉದ್ದ ಸದ್ದು ಮಾಡಿ ಕೀ ಒತ್ತುತ್ತಿದ್ದೆವು.

ಮಗ್ಗದ ಸದ್ದನ್ನು ಸೋಲಿಸಲು ನಾನು ಹೆಡ್‌ಫೋನಿನ ದನಿ ಏರಿಸುತ್ತ ಹೋದೆ. ಮೊದಲು ಗುಂಡಿ ಅರ್ಧ ತಿರುಗಿಸಿದರೆ ಸಾಕಿತ್ತು, ಆಮೇಲೆ ಪೂರ್ತಿ. ಚಾಚಾರ ಜೊತೆ ಮಾತು ಮುಗಿದ ಮೇಲೂ ಎಲ್ಲೋ ದೂರದಲ್ಲಿ ಸೊಳ್ಳೆಯಂತೆ ಕುಂಯ್‌ಗುಡುವವರನ್ನು ಹುಡುಕುತ್ತ ಎರಡೆರಡು ಗಂಟೆ ಕೂಡುತ್ತಿದ್ದೆ. ಹೆಡ್‌ಫೋನ್ ತೆಗೆದಾಗ ಕಿವಿ ಬಿಸಿಯಾಗಿ ಕೆಂಪಾಗಿರುತ್ತಿತ್ತು. ಅದು ಶ್ರದ್ಧೆ ಎಂದುಕೊಂಡಿದ್ದೆ.

ಒಂದು ದಿನ ಸೆಟ್ ಆರಿಸಿದರೂ ಪೀಂ ಎನ್ನುವುದು ನಿಲ್ಲಲಿಲ್ಲ. ಪ್ಲಗ್ ಕಿತ್ತೆ, ಬ್ಯಾಟರಿ ಬಿಚ್ಚಿದೆ, ಹೊರಗೆ ಬಂದು ಕಟ್ಟೆಯ ಮೇಲೆ ನಿಂತೆ. ಇತ್ತು. ಮರುದಿನ ಬಸ್ಸಿನಲ್ಲಿ ಇತ್ತು, ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಸುಮ್ಮನಾದಾಗ ಇತ್ತು, ಬೋರ್ಡಿನ ಕಡೆ ತಿರುಗಿದಾಗ ಬೆನ್ನ ಹಿಂದಿನಿಂದ ಬಂದಂತೆ ಇತ್ತು. ಮನೆ ಹಿಡಿಸದಿದ್ದರೆ ಬಿಡಬಹುದು, ಊರು ಬಿಡಬಹುದು. ಇದು ನನ್ನ ತಲೆಯೊಳಗೆ ಕೂತು ಬಾಗಿಲು ಹಾಕಿಕೊಂಡಿತ್ತು. ಯಾರಿಗೆ ಹೇಳುವುದು? ರೇಡಿಯೊ ಬಿಡು ಎನ್ನುತ್ತಾರೆ ಎಂಬ ಹೆದರಿಕೆಯಿಂದ ತಾಯಿಗೂ ಹೇಳಲಿಲ್ಲ.

ಕೆಟ್ಟದ್ದೇನೆಂದರೆ, ನಾನು ಯಾವ ಸ್ವರದಲ್ಲಿ ಮೋರ್ಸ್ ಕೇಳುತ್ತಿದ್ದೆನೋ ಕಿವಿಯ ಪೀಂ ಕೂಡ ಹೆಚ್ಚುಕಡಿಮೆ ಅದೇ ಸ್ವರದಲ್ಲಿತ್ತು. ಅಕ್ಷರಗಳು ಅದರಲ್ಲಿ ಮುಳುಗಿ ಹೋಗುತ್ತಿದ್ದವು. ಚಾಚಾ ಕಳಿಸಿದ್ದರಲ್ಲಿ ಅರ್ಧ ಸಿಗುತ್ತಿತ್ತು, ಉಳಿದದ್ದನ್ನು ಊಹಿಸುತ್ತಿದ್ದೆ. ಪೂರ್ತಿ ತಲುಪಿದರೆ ಮಾತ್ರ ಆರ್ ಎಂಬ ಅಕ್ಷರ ಒತ್ತಬೇಕು, ಎಲ್ಲಾ ಬಂತು ಎಂದು ಅದರ ಅರ್ಥ. ಅವರು ಕಲಿಸಿದ ಮೊದಲ ಶಿಸ್ತೇ ಅದು. ನಾನು ಅರ್ಧವೂ ತಲುಪದಿದ್ದಾಗಲೂ ಆರ್ ಒತ್ತುತ್ತಿದ್ದೆ. ಒಮ್ಮೆ ಒತ್ತಿದ ಮೇಲೆ ಮರುದಿನ ಇಲ್ಲವೆನ್ನುವುದು ಹೇಗೆ? ಮತ್ತೆ ಒತ್ತಿದೆ.

ಒಂದು ಮಂಗಳವಾರ ಚಾಚಾ ರೇಡಿಯೊದಲ್ಲಿ ಬರಲಿಲ್ಲ. ಬುಧವಾರವೂ ಇಲ್ಲ. ಶನಿವಾರದವರೆಗೆ ದಿನಾ ಕರೆದೆ. ಭಾನುವಾರ ಲಕ್ಷ್ಮೇಶ್ವರದ ಬಸ್ಸು ಹತ್ತಿ, ತಾಯಿಯ ಮನೆಗೂ ಹೋಗದೆ ನೇರ ಚಾಚಾರ ಮನೆಗೆ ಹೋದೆ. ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಗಾದಿಗೆ ಒರಗಿ ಕೂತಿದ್ದರು.

"ಏನಾತ್ರೀ ಚಾಚಾ? ಐದು ದಿನಾ ಕರದೇನ್ರಿ!"

"ಯಾಕ ಕರದಿ? ಹುಬ್ಬಳ್ಳಿಗೆ ಕಣ್ಣ ಆಪರೇಶನ್‌ಕ್ಕ ಹೊಂಟೀನಿ, ವಾರ ಬರೂದಿಲ್ಲಂತ ಸೋಮವಾರನ ಹೇಳಿದ್ನೆಲ್ಲ. ಎರಡ ಸಲ ಕಳಿಸಿದೆ."

ಸೋಮವಾರ ನಾನು ಆರ್ ಒತ್ತಿದ್ದು ನೆನಪಾಯಿತು.

"ಎಲ್ಲಾ ಬಂತು ಅಂತ ಒತ್ತಿದಿ, ತಂಗಿ. ಖರೆ ಹೇಳು. ಬಂದಿತ್ತೇನು?"

ಅಳು ತಡೆಯಲಾಗಲಿಲ್ಲ. ಒಳಗಿನಿಂದ ಚಾಚಿ ನೀರು ತಂದುಕೊಟ್ಟರು. ಕಿವಿಯ ಸುದ್ದಿ ಎಲ್ಲವನ್ನೂ ಹೇಳಿಬಿಟ್ಟೆ. ಚಾಚಾ ಬೈಯುತ್ತಾರೆಂದುಕೊಂಡಿದ್ದೆ. ಅವರು ತಮ್ಮ ಹೆಡ್‌ಫೋನನ್ನು ನನ್ನ ಕಿವಿಗಿಟ್ಟು ಸೆಟ್ ಹಚ್ಚಿದರು. ಏನೂ ಕೇಳಿಸಲಿಲ್ಲ.

"ನಿಮ್ಮದು ಕೆಟ್ಟೈತ್ರೀ."

"ಕೆಟ್ಟಿಲ್ಲ. ಸುಮ್ಮ ಕುಂದರು."

ಕೂತೆ. ಸ್ವಲ್ಪ ಹೊತ್ತಿನ ಮೇಲೆ, ಪಕ್ಕದ ಮನೆಯಲ್ಲಿ ಯಾರೋ ಗುನುಗುವಷ್ಟು ಸಣ್ಣಗೆ, ತಗ್ಗಿನ ಸ್ವರದಲ್ಲಿ ಮೋರ್ಸ್ ಕೇಳಿಸಿತು. ಅವರು ಇಪ್ಪತ್ತು ವರ್ಷ ಕೇಳಿದ್ದು ಇಷ್ಟೇ ದನಿಯಲ್ಲಿ.

"ನೀ ದನಿ ಏರಿಸಿದಷ್ಟೂ ಗದ್ದಲಾನೂ ಏರತೈತಿ. ಇಳಸು. ಸ್ವರಾನೂ ಇಳಸು. ಅರ್ಧ ತಾಸು ಆತಂದ್ರ ಎದ್ದು ಹೊರಗ ಹೋಗು. ಮತ್ತ, ಬರಲಿಲ್ಲಂದ್ರ ಬರಲಿಲ್ಲ ಅನ್ನು. ಅದರಾಗ ನಾಚಿಕಿ ಏನೈತಿ?"

ಮರುವಾರ ಗದಗಿನಲ್ಲಿ ಕಿವಿ ಡಾಕ್ಟರಿಗೆ ತೋರಿಸಿದೆ. ಇದು ಹೋಗುವುದಿಲ್ಲ, ಹೆಚ್ಚಾಗದ ಹಾಗೆ ನೋಡಿಕೊಳ್ಳಿ ಎಂದರು. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು ಆ ಮಾತನ್ನು ಒಳಗಿಳಿಸಿಕೊಳ್ಳಲು ನೋಡಿದೆ, ಇಳಿಯಲಿಲ್ಲ. ಇನ್ನು ಸಾಯುವ ತನಕ ಇದರ ಜೊತೆಗೇ ಎಂಬುದು ಮೂವತ್ತರ ವಯಸ್ಸಿಗೆ ಅರ್ಥವಾಗುವ ಮಾತಲ್ಲ.

ಚಾಚಾರ ಕಣ್ಣು ವಾಸಿಯಾದ ಮೇಲೆ ಮೊದಲ ಸಂಜೆ, ದನಿ ತಗ್ಗಿಸಿ, ಮಗ್ಗದ ಗೋಡೆಗೆ ಹಾಸಿಗೆ ಒರಗಿಸಿಟ್ಟು ಕೂತೆ. ಅವರ ಒಂದು ವಾಕ್ಯಕ್ಕೆ ಮೂರು ಸಲ, ಮತ್ತೊಮ್ಮೆ ಕಳಿಸಿ ಎಂದು ಕೇಳಿದೆ. ಮೂರು ಸಲವೂ ಕಳಿಸಿದರು, ಪ್ರತಿಸಲ ಇನ್ನಷ್ಟು ನಿಧಾನವಾಗಿ. ಕೊನೆಗೆ ವಾಕ್ಯ ಪೂರ್ತಿ ಸಿಕ್ಕಿತು: ಚಾಚಿ ನಿನಗೆ ಹುಗ್ಗಿ ಮಾಡಿದ್ದಾಳೆ, ಬಾ.

ಎರಡು ವರ್ಷದ ಮೇಲೆ ಮುಂಡರಗಿಗೆ ವರ್ಗವಾಯಿತು. ಅಲ್ಲಿ ಸಿಕ್ಕ ಮನೆ ಊರ ಅಂಚಿನಲ್ಲಿ, ಸುತ್ತ ಒಂದು ಸದ್ದಿಲ್ಲ. ಎಲ್ಲರೂ ನಿನ್ನ ಪುಣ್ಯ ಎಂದರು. ಆ ಮೌನದಲ್ಲಿ ಪೀಂ ಎನ್ನುವುದು ಹಿಂದೆಂದಿಗಿಂತ ಸ್ಪಷ್ಟವಾಗಿ ಕೇಳಿಸತೊಡಗಿತು. ನಾನೇ ಬೈದ ಮಗ್ಗಗಳನ್ನು ನೆನೆದು ಅತ್ತದ್ದೂ ಉಂಟು. ಈಗ ಊಟ ಮಾಡುವಾಗ, ಉತ್ತರಪತ್ರಿಕೆ ತಿದ್ದುವಾಗ, ಪೀಂ ಹಿಂದೆ ಸರಿಯಲೆಂದು ಸೆಟ್ಟನ್ನು ಬರಿಯ ಸರಸರ ಸದ್ದಿನ ಮೇಲೆ, ಕೇಳಿಯೂ ಕೇಳದಷ್ಟು ದನಿಯಲ್ಲಿ ಬಿಟ್ಟಿರುತ್ತೇನೆ. ಕೆಲವು ಸಲ ಅದರಲ್ಲಿ ಯಾರೋ ಕರೆಯುತ್ತಾರೆ. ಕೈ ಒರೆಸಿಕೊಂಡು ಕೀ ಹತ್ತಿರ ಹೋಗುತ್ತೇನೆ.