ಮೌಲಾಸಾಬ ಹೇಳಿದ ನಿಜ

ತಿಕೋಟಾದ ಮೌಲಾಸಾಬ ಗಿಡದ ಬೇರು, ಕಾಯಿಗಳಿಂದ ಬಣ್ಣ ಕಾಸಿ ಸೀರೆ ಅದ್ದುವವನು. ಕಲ್ಲಿದ್ದಲ ಡಾಂಬರಿನಿಂದ ತಯಾರಾಗಿ ಡಬ್ಬಿಯಲ್ಲಿ ಬರುವ ವಿಲಾಯತಿ ಬಣ್ಣ ಅವನ ಕಸುಬನ್ನು ಅರ್ಧ ತಿಂದಿತ್ತು. ಆದರೂ ಬಣ್ಣದ ವಿಷಯದಲ್ಲಿ ಊರು ನಂಬುತ್ತಿದ್ದುದು ಅವನ ಮಾತನ್ನೇ.

೧೯೪೩ರಲ್ಲಿ ಗುರುಸಿದ್ದವ್ವನ ಮೊಮ್ಮಗನಿಗೆ ಬಾಯಿ ತುಂಬ ಹುಣ್ಣಾಗಿ, ಕೂಸು ಮೊಲೆ ಹಿಡಿಯದಾಯಿತು. ವಿಜಾಪುರದ ಡಾಕ್ಟರು ಬಾಯಿಗೆ ಹಚ್ಚಲು ನೇರಳೆ ಔಷಧ ಕೊಟ್ಟರು. ಗಿಡಮೂಲಿಕೆಯ ಹೊರತು ಬೇರೆ ಔಷಧ ಮುಟ್ಟದಿರುವುದು ಅವಳ ನೇಮ. ಅದು ಗೊತ್ತಿದ್ದ ಡಾಕ್ಟರ ಕಂಪೌಂಡರ್ ಶಂಕ್ರೆಪ್ಪ, ಅವಳು ಹಚ್ಚಲೆಂದು, ಇದು ಹೂವಿನ ರಸವೆಂದು ಹೇಳಿ ಕಳಿಸಿದ್ದ. ಅವಳು ಸೀಸೆಯನ್ನು ಮೌಲಾಸಾಬನ ಮುಂದಿಟ್ಟಳು.

"ಗಿಡದ್ದೇನೋ ಮೌಲಾ?"

ಅವನು ಒಂದು ಹನಿಯನ್ನು ಬಟ್ಟೆಗೆ ಹಾಕಿ ನೋಡಿದ. "ಯಾವ ಹೂವೂ ಅಲ್ಲ ಯವ್ವಾ, ಡಬ್ಬಿ ಬಣ್ಣ ಇದು. ಆದ್ರ ಹಚ್ಚು. ನನ್ನ ಮೊಮ್ಮಗಳಿಗೂ ಇದರಿಂದನ ಗುಣ ಆಗೇತಿ."

"ನಿನ್ನ ಕಸಬು ತಿಂದದ್ದನ್ನ ನನ್ನ ಕೂಸಿನ ಬಾಯಾಗ ಇಡಂತೀ ಏನು?" ಎಂದು ಅವಳು ಔಷಧವನ್ನು ಅಲ್ಲೇ ಚೆಲ್ಲಿದಳು.

ಐದನೆಯ ದಿನ ಕೂಸು ಸತ್ತಿತು.

"ಹೌದು ಅನ್ನಾಕ ನಿನಗೇನ ಧಾಡಿ ಆಗಿತ್ತಲೇ?" ಎಂದು ಶಂಕ್ರೆಪ್ಪ ಮೌಲಾಸಾಬನನ್ನು ಬೈದ. ಗುರುಸಿದ್ದವ್ವ ಮಾತ್ರ, ತನ್ನ ನೇಮ ಉಳಿಸಿದ ಸತ್ಯವಂತನೆಂದು ಕಂಡಲ್ಲೆಲ್ಲ ಅವನಿಗೆ ಕೈಮುಗಿದಳು. ಬೈಗುಳವನ್ನು ಸಹಿಸಿದವನಿಗೆ ಆ ಕೈಮುಗಿಯುವುದನ್ನು ಸಹಿಸಲಾಗಲಿಲ್ಲ. ಊರು ಬಿಟ್ಟು ಬಬಲೇಶ್ವರಕ್ಕೆ ಹೋಗಿ ನೆಲೆಸಿದ. ಅಲ್ಲಿ ಬಣ್ಣದ ಬಗ್ಗೆ ಯಾರು ಏನು ಕೇಳಿದರೂ "ನನಗ ಗೊತ್ತಿಲ್ರಿ" ಎನ್ನುತ್ತಿದ್ದ.